ಇನ್ನೂರ ಹನ್ನೆರಡನೆಯ ಗೀಸರ್

ಪ್ರೀತಿಯ ಚಿಕ್ಕಪ್ಪನಿಗೆ,

ಕೊನೆಯದೂ ಸಿಕ್ಕಿತು. ಮೊದಲು ಇಷ್ಟನ್ನು ಓದಿ ಒಮ್ಮೆ ಉಸಿರು ಬಿಡಿ. ಉಳಿದದ್ದನ್ನು ಕನ್ನಡಕ ಒರೆಸಿಕೊಂಡು ನಿಧಾನಕ್ಕೆ ಓದಿದರಾಯಿತು. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಇನ್ನೂರ ಹನ್ನೆರಡನೆಯ ಗೀಸರ್ ಗೋಡೆಯಿಂದ ಇಳಿಯಿತು. ಯಾರಿಗೂ ಏನೂ ಆಗಿಲ್ಲ.

"ಎಲ್ಲ ಸಿಗೋ ತನಕ ನನಗೆ ಫೋನ್ ಮಾಡ್ಬೇಡ ಪುಟ್ಟಿ, ಅದು ಹೊಡ್ಕೊಂಡ್ರೆ ನನ್ನ ಎದೇನೂ ಹೊಡ್ಕೊಳ್ಳತ್ತೆ" ಎಂದು ಹೇಳಿ ನೀವು ಚಿಕ್ಕಮ್ಮನ ಜೊತೆ ಮಗಳ ಮನೆಗೆ ಹೊರಟುಹೋದಿರಿ. ನಾಲ್ಕು ತಿಂಗಳು ಆ ಮಾತಿಗೆ ಕಟ್ಟುಬಿದ್ದೆ. ಇವತ್ತು ಫೋನ್ ಮಾಡಬಹುದಿತ್ತು. ಆದರೆ ಎದುರೆದುರು ಹೇಳಲಾಗದ ಒಂದೆರಡು ಸಂಗತಿಗಳು ನನ್ನೊಳಗೆ ಉಳಿದಿವೆ, ಅವನ್ನು ಬರೆಯುವುದೇ ಸರಿ ಅನ್ನಿಸಿತು.

ನಿಮ್ಮ ಮೇಲೆ ನನಗೆ ಸಿಟ್ಟು ಬಂದಿತ್ತು ಚಿಕ್ಕಪ್ಪ. ಆ ಲಾಂಡ್ರಿಯಲ್ಲಿ ನಮ್ಮ ಕಾರ್ಖಾನೆಯ ಗೀಸರ್ ಸಿಡಿದ ದಿನ, ಕೆಲಸದವರೆಲ್ಲ ಊಟಕ್ಕೆ ಹೋಗಿದ್ದರಿಂದ ಬಾಗಿಲೊಂದೇ ಹಾರಿಹೋಗಿ ಜನ ಉಳಿದುಕೊಂಡ ದಿನ, ನೀವು ನನ್ನನ್ನು ಕರೆಸಿ ಹಳೆಯ ಕಥೆ ಹೇಳಿದಿರಿ. ಮೂವತ್ತೊಂದು ವರ್ಷ ಕೊನೆಯ ತಪಾಸಣೆಯ ಮೇಜಿನಲ್ಲಿ ಕೂತವರು ನೀವು. ನಿವೃತ್ತಿಗೆ ಒಂದು ತಿಂಗಳಿರುವಾಗ ಬಂದ ಇನ್ನೂರ ಹನ್ನೆರಡು ಗೀಸರುಗಳ ಆ ಕಂತಿನಲ್ಲಿ, ಒತ್ತಡ ಹೆಚ್ಚಾದಾಗ ತಾನಾಗಿ ತೆರೆದುಕೊಳ್ಳಬೇಕಾದ ವಾಲ್ವಿನ ಸ್ಪ್ರಿಂಗು ಹೆಬ್ಬೆರಳಿಗೆ ಬಿಗಿಯಾಗಿ ಕಂಡಿತ್ತು. ಮ್ಯಾನೇಜರಿಗೆ ಹೇಳಿದಿರಿ. "ಕಾಗದದಲ್ಲಿ ಎಲ್ಲಾ ಸರಿ ಇದೆ, ನಿಮ್ಮ ಹೆಬ್ಬೆರಳಿನ ಮಾತು ಕೇಳ್ಕೊಂಡು ಲಾರಿ ನಿಲ್ಲಿಸೋಕಾಗತ್ತಾ" ಎಂದರು ಅವರು. ನೀವು ಸಹಿ ಹಾಕಿದಿರಿ. ಇನ್ನೂರ ಹನ್ನೆರಡು ಸಹಿ.

ಹೇಗೆ ಹಾಕಿದರು ಇವರು, ಎಂದು ಬಸ್ಸಿನಲ್ಲಿ ಬರುವಾಗ ಹಲ್ಲು ಕಡಿದೆ. ಮರುದಿನ ಆಫೀಸಿನ ಹಳೆಯ ಕಡತ ತೆಗೆದಾಗ ನನ್ನ ಸಿಟ್ಟು ಇಳಿದುಹೋಯಿತು. ಅದೇ ತಿಂಗಳು ಅದೇ ಗೀಸರಿನ ಬಗ್ಗೆ ಪತ್ರಿಕಾ ಪ್ರಕಟಣೆ ಬರೆದವಳು ನಾನು. 'ಮನೆಮಂದಿಯೆಲ್ಲ ನಿಶ್ಚಿಂತೆಯಿಂದ ಬಳಸಬಹುದು' ಎಂದು ಚೆಂದದ ಸಾಲೊಂದನ್ನು ಕೂರಿಸಿದ್ದೆ. ನೀವಾದರೂ ಬೆರಳಿಟ್ಟು ಒತ್ತಿ ನೋಡಿದ್ದಿರಿ. ನಾನು ಆ ಪೆಟ್ಟಿಗೆಯ ಮುಚ್ಚಳವನ್ನೂ ತೆರೆದಿರಲಿಲ್ಲ.

ಗೀಸರುಗಳನ್ನು ವಾಪಸು ಕರೆಸುವುದೆಂದು ತೀರ್ಮಾನವಾದಾಗ ಪ್ರಕಟಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದೇ ಗುಂಡಿ ಒತ್ತಿದರೆ ಎಂಟುನೂರು ಪತ್ರಿಕೆ, ಚಾನೆಲ್, ವೆಬ್‌ಸೈಟುಗಳಿಗೆ ಸುದ್ದಿ ಕಳಿಸುವ ಸಂಸ್ಥೆಯೊಂದಿದೆ, ಅದಕ್ಕೆ ಒಪ್ಪಿಸಿದೆ. ಮೂವತ್ತು ವೆಬ್‌ಸೈಟುಗಳು ಅಕ್ಷರವೂ ಬದಲಿಸದೆ ಹಾಕಿಕೊಂಡವು. ದೊಡ್ಡ ದಿನಪತ್ರಿಕೆಯೊಂದು ಷೇರು ಪೇಟೆಯ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಹಾಕಿತು. ಮ್ಯಾನೇಜರು ಬೆನ್ನು ತಟ್ಟಿದರು. ವಾರವಿಡೀ ಕಾದರೂ ಬಂದದ್ದು ಎರಡೇ ಕರೆ. ಒಬ್ಬರಿಗೆ ಜಾಹೀರಾತು ಬೇಕಿತ್ತು, ಇನ್ನೊಬ್ಬರಿಗೆ ಬೇರೆ ಯಾರೋ ಬೇಕಿತ್ತು.

ಆದರೂ ಆ ಎಂಟುನೂರು ಹೆಸರುಗಳ ಪಟ್ಟಿಯನ್ನು ಮುದ್ರಿಸಿಕೊಂಡು ನಿಮಗೆ ತೋರಿಸಲು ಬಂದಿದ್ದೆ, ಅಂಕಪಟ್ಟಿ ಹಿಡಿದು ಬಂದ ಹುಡುಗಿಯ ಹಾಗೆ. ನೀವು ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿ, ಬೆರಳಿಟ್ಟು ಒಂದೊಂದೇ ಹೆಸರು ಓದಿದಿರಿ. ಹಣಕಾಸು, ಉದ್ಯಮ, ಹೂಡಿಕೆ, ತಂತ್ರಜ್ಞಾನ. ಕೊನೆಗೆ ತಲೆಯೆತ್ತಿ ಕೇಳಿದಿರಿ: "ಎಲ್ಲಾ ಸರಿ ಪುಟ್ಟಿ, ಇವರಲ್ಲಿ ನಮ್ಮ ಗೀಸರಲ್ಲಿ ಸ್ನಾನ ಮಾಡೋರು ಯಾರು?"

ನನ್ನ ಮುಖ ಊದಿತು. ಅರ್ಧ ಚಹಾ ಬಿಟ್ಟು ಎದ್ದುಬಂದೆ. ಅದಾಗಿ ಎರಡನೆಯ ದಿನ ನೀವು ಊರು ಬಿಟ್ಟಿರಿ, ಹಾಗಾಗಿ ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಎಲ್ಲೆಲ್ಲಿ ತಿರುಗಿದೆ ಎಂಬುದು ನಿಮಗೆ ಗೊತ್ತಿಲ್ಲ.

ಅದು ಆರು ಲೀಟರಿನ ಪುಟ್ಟ ಗೀಸರು. ಒಂದೇ ಕೋಣೆಯ ಬಾಡಿಗೆ ಮನೆಗಳು, ಸಣ್ಣ ಕ್ಲಿನಿಕ್ಕುಗಳು, ಕ್ಷೌರದಂಗಡಿಗಳು, ಇಂಥ ಕಡೆಯೇ ಹೆಚ್ಚು ಹೋಗಿದ್ದವು. ಅಂಗಡಿಗಳವರ ಬಳಿ ಕೊಂಡವರ ಹೆಸರಿಲ್ಲ. ಆ ಜನ ಏನು ಓದುತ್ತಾರೆ, ಏನು ಕೇಳುತ್ತಾರೆ ಎಂದು ತಿಳಿಯಲು ನಾನೇ ಬೀದಿಗಿಳಿದೆ. ಮೊದಲು ಹೊಕ್ಕ ಕ್ಷೌರದಂಗಡಿಯಲ್ಲಿ ಕನ್ನಡಿಯ ಕೆಳಗೆ ದಿನಪತ್ರಿಕೆಗಳ ರಾಶಿಯೇ ಇತ್ತು. ಕ್ಷೌರಿಕ ನಕ್ಕ. "ಓದೋಕಲ್ಲಮ್ಮ, ಕೂದಲು ಕಟ್ಟಿ ಎಸೆಯೋಕೆ. ಕಣ್ಣು ಕತ್ತರಿ ಮೇಲೆ, ಕೈ ತಲೆ ಮೇಲೆ. ನನಗೆ ಖಾಲಿ ಇರೋದು ಕಿವಿ ಒಂದೇ." ಅವನ ತಲೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ರೇಡಿಯೋ ಹಾಡುತ್ತಿತ್ತು. ಎಂಟುನೂರರ ಪಟ್ಟಿಯಲ್ಲಿ ಆ ರೇಡಿಯೋದ ಹೆಸರಿರಲಿಲ್ಲ.

ಬಾಡಿಗೆ ಕೋಣೆಗಳವರು ಓದುವುದು ಬಸ್ ನಿಲ್ದಾಣದಲ್ಲಿ ಪುಕ್ಕಟೆ ಸಿಗುವ ವಾರಪತ್ರಿಕೆಯನ್ನು. ಖಾಲಿ ಮನೆಗಳ ವಿವರ ಇರುವುದು ಅದರಲ್ಲೇ. ಟೈರಿನಂಗಡಿಯ ಮಹಡಿಯಲ್ಲಿ ಒಂದೇ ಕೋಣೆಯಲ್ಲಿ ಕೂತು ಅದನ್ನು ನಡೆಸುವ ಸಂಪಾದಕಿ ನನ್ನ ಪ್ರಕಟಣೆ ಓದಿ ಪೆನ್ಸಿಲು ಎತ್ತಿಕೊಂಡರು. "ಕಂಪನಿ ವಿಷಾದಿಸುತ್ತದೆ ಅಂತ ಶುರು ಮಾಡಿದ್ರೆ ನಮ್ಮ ಓದುಗರು ಪುಟ ತಿರುಗಿಸ್ತಾರೆ. ಯಾವ ಗೀಸರು, ನಂಬರ್ ಎಲ್ಲಿರತ್ತೆ, ಇದ್ರೆ ಏನು ಮಾಡ್ಬೇಕು, ಅಷ್ಟು ಬರೀರಿ. ವಿಷಾದ ಕೊನೆಗೆ ಜಾಗ ಉಳಿದ್ರೆ ನೋಡೋಣ." ಒಂದೂವರೆ ಪುಟ ಇದ್ದದ್ದು ಏಳು ಸಾಲಾಯಿತು. ನನ್ನ ಕೆಲಸದಲ್ಲೇ ನಾನು ಬರೆದ ಅತ್ಯುತ್ತಮ ಏಳು ಸಾಲು ಅವು. ರೇಡಿಯೋಗೆ ಅದನ್ನೇ ಅರ್ಧ ನಿಮಿಷದ ಮಾತಾಗಿ ತಿದ್ದಿದೆ. ನರ್ಸುಗಳ ಸಂಘದ ಪತ್ರಿಕೆಗೆ, ಪ್ಲಂಬರುಗಳ ಮಾಸಿಕಕ್ಕೆ ಬೇರೆ ಬೇರೆ ಬರೆದೆ.

ಮ್ಯಾನೇಜರು ಉರಿದುಬಿದ್ದರು. "ದೊಡ್ಡ ಪತ್ರಿಕೇಲಿ ಬಂದಿದೆ, ದಾಖಲೆ ಇದೆ, ಅಲ್ಲಿಗೆ ಮುಗೀತು. ಬೀದಿ ಬೀದಿಗೆ ಹೋಗಿ ನಮ್ಮ ಮಾನ ನಾವೇ ಹರಾಜು ಹಾಕ್ಬೇಕಾ?" ಎಂದರು. ಎಂಟುನೂರು ಕಡೆ ಹೇಳಿಯೂ ಒಂದು ಮಾತನ್ನು ಮುಚ್ಚಿಡಬಹುದು ಎಂಬುದು ನನಗೆ ಆವಾಗ ಹೊಳೆಯಿತು ಚಿಕ್ಕಪ್ಪ. ಕಂಪನಿಯ ಯಜಮಾನಿಯವರ ಕೋಣೆಗೇ ಹೋಗಿ ಏಳು ಸಾಲನ್ನು ಮುಂದಿಟ್ಟೆ. ನಿಮ್ಮ ಹೆಬ್ಬೆರಳಿನ ವಿಷಯವನ್ನೂ, ನನ್ನ 'ನಿಶ್ಚಿಂತೆ'ಯನ್ನೂ ಹೇಳಿಬಿಟ್ಟೆ. ಅವರು ಆ ಏಳು ಸಾಲನ್ನು ಎರಡು ಸಲ ಓದಿದರು. ಕೆಲಸ ಹೋಯಿತೆಂದೇ ಅಂದುಕೊಂಡೆ. "ಆ ನೀರಿನ ಕೆಳಗೆ ತಲೆ ಕೊಡೋರಿಗೆ ಮೊದಲು ಗೊತ್ತಾಗ್ಲಿ. ಕೆಳಗೆ ನನ್ನ ಹೆಸರು ಹಾಕು, ಕಂಪನಿ ಹೆಸರಲ್ಲ" ಎಂದರು.

ರೇಡಿಯೋದಲ್ಲಿ ಬಂದ ಮೊದಲ ದಿನವೇ ಹನ್ನೊಂದು ಕರೆ. ವಾರಪತ್ರಿಕೆ ಹೊರಬಿದ್ದ ಮೇಲೆ ಊಟಕ್ಕೆ ಪುರುಸೊತ್ತಿಲ್ಲ. ಒಬ್ಬರು ತಮ್ಮ ನಂಬರ್ ಹೊಂದುತ್ತದೆಂದು ಖುಷಿಯಿಂದ ಹೇಳಿ, ಬಹುಮಾನ ಏನೆಂದು ಕೇಳಿದರು. "ನಿಮ್ಮ ಜೀವ" ಎನ್ನಲು ಬಾಯಿಗೆ ಬಂದಿತ್ತು, "ಹೊಸ ಗೀಸರು ಸಾರ್" ಎಂದೆ. ಇನ್ನೊಬ್ಬ ಅಜ್ಜನ ಗೀಸರು ಶಿಳ್ಳೆ ಹಾಕುತ್ತಿತ್ತಂತೆ, ಒಂಟಿ ಮನೆಯಲ್ಲಿ ಜೊತೆಯಾಯಿತೆಂದು ಅವರು ಸುಮ್ಮನಿದ್ದರಂತೆ. ನಮ್ಮ ಮೆಕ್ಯಾನಿಕ್ಕು ಓಡಿಹೋಗಿ ಇಳಿಸಿದ.

ಲಾಂಡ್ರಿಯಲ್ಲಿ ಸಿಡಿದದ್ದೂ ಸೇರಿ ಮೂರು ತಿಂಗಳಲ್ಲಿ ಇನ್ನೂರ ಹನ್ನೊಂದರ ಲೆಕ್ಕ ಸಿಕ್ಕಿತು. ಒಂದು ಮಾತ್ರ ಇಪ್ಪತ್ತಮೂರು ದಿನ ಸಿಗಲಿಲ್ಲ. ಎಲ್ಲೋ ಗುಜರಿಗೆ ಹೋಗಿರುತ್ತದೆ ಬಿಡು ಎಂದರು ಎಲ್ಲರೂ. ನೀವು ಬಿಡುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

ನಿನ್ನೆ ಕ್ಷೌರಿಕ ಫೋನ್ ಮಾಡಿದ. ರೇಡಿಯೋ ಪ್ರಕಟಣೆ ಅವನಿಗೆ ಬಾಯಿಪಾಠವಾಗಿ, ಕುರ್ಚಿಯಲ್ಲಿ ಕೂತವರಿಗೆಲ್ಲ ಒಪ್ಪಿಸುತ್ತಿದ್ದನಂತೆ. "ಇಲ್ಲೊಬ್ರು ಕೂತಿದ್ದಾರೆ ಮೇಡಂ, ಅರ್ಧ ಗಡ್ಡ ಆಗಿದೆ. ಇವರ ಮನೆಯವರು ಶಿಶುವಿಹಾರ ನಡೆಸ್ತಾರೆ. ಅಲ್ಲಿ ಅಂಥದ್ದೇ ಒಂದಿದೆಯಂತೆ, ಗೋಡೆಗೆ ಹೊಡೆಯುವಾಗ ಅದಕ್ಕೂ ಬಣ್ಣ ಹೊಡೆದುಬಿಟ್ಟಿದ್ದಾರಂತೆ, ನಂಬರ್ ಕಾಣಲ್ಲ."

ಮೆಕ್ಯಾನಿಕ್ಕನ್ನು ಕರೆದುಕೊಂಡು ಅಲ್ಲಿಗೆ ಹೇಗೆ ತಲುಪಿದೆನೋ ನೆನಪಿಲ್ಲ. ಹದಿನಾಲ್ಕು ಮಕ್ಕಳು ಚಾಪೆಗಳ ಮೇಲೆ ಸಾಲಾಗಿ ಮಲಗಿದ್ದವು. ಅವುಗಳ ತಲೆಯ ಕಡೆಯ ಗೋಡೆಯಾಚೆಗೇ ಕೈತೊಳೆಯುವ ಜಾಗ, ಅಲ್ಲಿ ಹಳದಿ ಬಣ್ಣ ಬಳಿದುಕೊಂಡ ಗೀಸರು, ಅದರ ಮೈಮೇಲೆ ಉರಿಯುತ್ತಿದ್ದ ಕೆಂಪು ದೀಪ. ಮೆಕ್ಯಾನಿಕ್ಕು ಮೊದಲು ಸ್ವಿಚ್ಚು ಆರಿಸಿದ, ಆಮೇಲೆ ಬ್ಲೇಡಿನಿಂದ ಬಣ್ಣ ಕೆರೆದ. ಅಂಕೆಗಳು ಒಂದೊಂದಾಗಿ ಹೊರಬಂದವು. ನಾನು ಕೈಯಲ್ಲಿದ್ದ ಚೀಟಿ ನೋಡಲೇ ಇಲ್ಲ, ಆ ನಂಬರ್ ನನಗೆ ನನ್ನ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ಗೊತ್ತು. ಇಳಿಸಿದ ಮೇಲೆ ಅವನು ವಾಲ್ವನ್ನು ಒತ್ತಿ ನೋಡಿದ. ಅದು ಮಿಸುಕಲಿಲ್ಲ. "ಪೂರ್ತಿ ಕಚ್ಕೊಂಡಿದೆ" ಎಂದು ಮೆಲ್ಲಗೆ ಹೇಳಿದ.

ಹತ್ತಿರವಿದ್ದ ಗೇಣುದ್ದದ ಕುರ್ಚಿಯ ಮೇಲೆ ಕೂತು ಅತ್ತೆ, ಸದ್ದಾಗದಂತೆ ಸೆರಗು ಬಾಯಿಗೊತ್ತಿಕೊಂಡು. ಒಂದು ಪುಟ್ಟ ಹುಡುಗಿ ಎದ್ದು ಬಂದು ಕಣ್ಣುಜ್ಜುತ್ತ ನಿಂತಳು. "ಅದು ನನ್ನ ಕುರ್ಚಿ" ಎಂದಳು. ಎದ್ದು ಬಿಟ್ಟುಕೊಟ್ಟೆ. ಅವಳು ಕೂತು, ಸಮಾಧಾನವಾಗಿ ಆಕಳಿಸಿದಳು. ಚಿಕ್ಕಪ್ಪ, ಆ ಆಕಳಿಕೆಯನ್ನು ನೀವು ನೋಡಬೇಕಿತ್ತು.

ನಾವಿಬ್ಬರೂ ತಪ್ಪು ಮಾಡಿದೆವು, ಇಲ್ಲವೆನ್ನುವುದಿಲ್ಲ. ಆದರೆ ಅದು ಯಾರ ತಲೆಯ ಮೇಲೂ ಬೀಳುವ ಮೊದಲು ಕೈಗೆ ಸಿಕ್ಕಿತು. ತಪ್ಪನ್ನು ತಿದ್ದಿಕೊಳ್ಳಲು ಇಷ್ಟು ಅವಕಾಶ ಸಿಕ್ಕವರು ಎಷ್ಟು ಜನ ಇದ್ದಾರೆ ಹೇಳಿ. ಇವತ್ತು ಬೆಳಿಗ್ಗೆ ಎದ್ದಾಗ ಮೈಯಲ್ಲಿ ಎಲ್ಲಿಯೂ ಭಾರವಿರಲಿಲ್ಲ. ಕಿಟಕಿ ತೆರೆದು ಸುಮ್ಮನೆ ನಿಂತೆ, ಆಫೀಸಿಗೆ ತಡವಾಗಿ ಹೋದೆ. ಯಾರೂ ಏನೂ ಅನ್ನಲಿಲ್ಲ.

ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ನಿಮ್ಮನ್ನು ಕರೆದುಕೊಂಡು ಹೋಗಲು ಬರುತ್ತಿದ್ದೇನೆಂದು ಚಿಕ್ಕಮ್ಮನಿಗೆ ಈಗಲೇ ಹೇಳಿಬಿಡಿ, ಚೀಲ ಕಟ್ಟಲು ಅವರಿಗೆ ಒಂದು ವಾರ ಬೇಕು. ಸೋಮವಾರ ನಾವಿಬ್ಬರೂ ಆ ಶಿಶುವಿಹಾರಕ್ಕೆ ಹೋಗಬೇಕಿದೆ. ಹೊಸ ಗೀಸರ್ ಹಾಕುವ ಮುನ್ನ ಗೊತ್ತಿರುವವರೊಬ್ಬರು ಬಂದು ನೋಡಿದರೆ ಚೆನ್ನ ಎಂದು ಅಲ್ಲಿಯ ಟೀಚರು ಕೇಳಿದರು. ಬರುತ್ತಾರೆ ಎಂದು ನಿಮ್ಮನ್ನು ಕೇಳದೆಯೇ ಒಪ್ಪಿಕೊಂಡು ಬಂದಿದ್ದೇನೆ.

ನಿಮಗೆ ಗಾಢ ನಿದ್ದೆಯೂ ಹಗುರಾದ ಬೆಳಗುಗಳೂ ಸಿಗಲಿ. ಕಾಲು ಮುಟ್ಟಿ ನಮಸ್ಕರಿಸುವುದನ್ನು ಭಾನುವಾರ ಬಂದು ಮಾಡುತ್ತೇನೆ.

ನಿಮ್ಮ,
ಪುಟ್ಟಿ