ಅಟ್ಟದ ಕೆಳಗಿನ ಮೊನೆ

೧೪ ಮಾರ್ಚ್ ೧೯೭೯, ಬುಧವಾರ

ಬೆಂಗಳೂರಿನಿಂದ ಇನ್ನೂ ಸುದ್ದಿಯಿಲ್ಲ.

ಬೆಳಿಗ್ಗೆ ಕರಿಬಸವಯ್ಯನ ಕೊಬ್ಬರಿ ಅಟ್ಟದಿಂದ ಕಾಯಿ ಉದುರಿಸುತ್ತಿದ್ದ ಕೂಲಿಯಾಳು ಹಾಲಸ್ವಾಮಿ ಜಾರಿಬಿದ್ದ. ಕೆಳಗೆ ಕಾಯಿ ಸುಲಿಯಲು ನೆಟ್ಟಿದ್ದ ಕಬ್ಬಿಣದ ಮೊನೆ ಎದೆಗೆ ಹೊಕ್ಕಿತು. ಅಟ್ಟದ ಬಾಯಿಯ ನೇರಕ್ಕೆ ನೆಡಬೇಡಿ ಎಂದು ವರ್ಷಗಳಿಂದ ಬಡಿದುಕೊಂಡಿದ್ದೇನೆ. ಉದುರಿಸಿದ ಕಾಯಿ ಸುಲಿಯುವವನ ಕೈಗೇ ಸಿಗಬೇಕಂತೆ!

“ಎತ್ರಲಾ ಅವ್ನ, ಕಬ್ಬಿಣ ಕೀಳ್ರಲಾ” ಎಂದು ಎಲ್ಲರೂ ಕೂಗಿದರು.

“ಕಿತ್ರೆ ಸತ್ತೋಯ್ತಾನೆ ಕಣ್ರಲಾ, ಬುಡ ಅಗೀರಿ” ಎಂದೆ. ನಮ್ಮಣ್ಣನ ಎದೆಗೆ ನಾಟಿದ್ದ ಗಾಡಿ ಗೂಟವನ್ನು ಇವರೇ ಕಿತ್ತಿದ್ದರು. ರಕ್ತ ನಿಲ್ಲಲೇ ಇಲ್ಲ. ಊರು ಮರೆತಿದೆ, ನಾನು ಮರೆತಿಲ್ಲ.

ಅಗೆದು, ಅವನನ್ನು ಮೊನೆ ಸಮೇತ ವ್ಯಾನಿನಲ್ಲಿ ತಿಪಟೂರಿನ ಆಸ್ಪತ್ರೆಗೆ ಒಯ್ದೆವು. ಕಬ್ಬಿಣವೇ ರಕ್ತವನ್ನು ತಡೆದಿದೆ ಎಂದ ಡಾಕ್ಟರು ಅದು ಅಲುಗಾಡದಂತೆ ಸುತ್ತಲೂ ಬಟ್ಟೆ ಕಟ್ಟಿ, ಬೆಂಗಳೂರಿಗೆ ಕಳಿಸಿದರು.

“ಅದ್ನ ಎದೇಲಿ ಇಟ್ಕಂಡೇ ಅಷ್ಟ್ ದೂರ ಹೋಗ್ಬೇಕಾ ಅಣ್ಣ?” ಎಂದಳು ಅವನ ಹೆಂಡತಿ ಗುರುಶಾಂತಮ್ಮ.

“ಹೂಂ ಕಣಮ್ಮ, ಇಟ್ಕಂಡೇ.”

ಸಂಜೆ ಊರಿಗೆ ಬಂದರೆ, ಅದೇ ಗುಂಡಿಯಲ್ಲಿ ಬೇರೆ ಮೊನೆ ನೆಟ್ಟು ಸುಲಿಯುತ್ತಿದ್ದಾರೆ.

“ಕಾಯೆಲ್ಲ ಹಂಗೇ ಬಿದ್ದಿದ್ವಲ್ಲ ಮೇಷ್ಟ್ರೇ” ಎಂದ ಕರಿಬಸವಯ್ಯ.

ಬೈಯಲು ನನ್ನಲ್ಲಿ ಉಸಿರಿರಲಿಲ್ಲ. ಹಾಲಸ್ವಾಮಿಯಲ್ಲಿ ಈಗ ಎಷ್ಟು ಉಳಿದಿದೆಯೋ...