ಮನೆಯ ಪಟದಲ್ಲಿ ಅತ್ತೆ

ಬೆಟಗೇರಿ,
ತಾ. ೨೯-೧-೧೯೫೭

ವಿಜಾಪುರದಲ್ಲಿರುವ ನಮ್ಮ ಮನೆಯವರಿಗೆ ಕಸ್ತೂರಿ ಮಾಡುವ ಶರಣು.

ಇಲ್ಲಿ ಅತ್ತೆಯವರೂ ನಾನೂ ಕ್ಷೇಮ. ನಿಮ್ಮ ಕೆಮ್ಮು ಹೇಗಿದೆ? ಸಂಕ್ರಮಣಕ್ಕೆ ಕಳಿಸಿದ ಶೇಂಗಾ ಹೋಳಿಗೆ ನಿಮಗೆ ದಕ್ಕಿತೋ, ನಿಮ್ಮ ಶಾಲೆಯ ಮಾಸ್ತರರೆಲ್ಲ ಸೇರಿ ಮುಗಿಸಿದರೋ? ಎರಡು ವಾರ ಪತ್ರ ಬರೆಯಲಿಲ್ಲವೆಂದು ಸಿಟ್ಟಾಗಬೇಡಿ. ನೀವು ಹೇಳಿದಂತೆ ಮನೆಯ ಪಟ ತೆಗೆಸಿ ಮೈಸೂರಿಗೆ ಕಳಿಸಿದ್ದಾಯಿತು. ನಡೆದದ್ದನ್ನು ಬರೆದರೆ ನಗುತ್ತೀರೋ ಬೈಯುತ್ತೀರೋ ತಿಳಿಯದೆ ಸುಮ್ಮನಿದ್ದೆ. ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ.

ರಾಜ್ಯ ಒಂದಾದ ಮೇಲೆ ಗದಗಿಗೆ ವರ್ಗವಾದ ಆ ಮೈಸೂರಿನ ಸಾಹೇಬರು ನಮ್ಮ ಮನೆಯ ಮುಂದಿನ ಅರ್ಧ ಬಾಡಿಗೆಗೆ ಹಿಡಿದರೆ, ಅತ್ತೆ ಒಬ್ಬರೇ ಆಗುವುದಿಲ್ಲ, ನಾನು ನಿಮ್ಮ ಹತ್ತಿರ ಬರಬಹುದು. ಅದನ್ನೇ ನೆನೆಸಿಕೊಂಡು ಎಂಟು ದಿನ ಟೊಂಕ ಕಟ್ಟಿ ನಿಂತೆ. ಪಡಸಾಲೆಯ ಶೇಂಗಾ ಚೀಲಗಳನ್ನು ಹಿತ್ತಲಿಗೆ ಹಾಕಿಸಿದೆ. ಗೋಡೆಗೆ ಸುಣ್ಣ ಹಚ್ಚಿ, ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದೆ. ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ನನ್ನ ಕೈಯೇ ತಾಮ್ರವಾಯಿತು. ಪಟದಲ್ಲಿ ಬರಬಾರದೆಂದು ಎಮ್ಮೆಯನ್ನು ಪಕ್ಕದ ಸಕ್ರಪ್ಪ ಕಾಕಾ ಅವರ ಮನೆಗೆ ಅಟ್ಟಿದರೆ ಅದು ಎರಡು ಸಲ ಹಗ್ಗ ಹರಿದುಕೊಂಡು ವಾಪಸು ಬಂತು. ಅತ್ತೆ ಮಾತ್ರ ಕಂಬಕ್ಕೆ ಒರಗಿ ಕುಳಿತು, "ಮನಿ ಬಾಡಿಗಿ ಕೊಡಾಕ ಹತ್ತೀಯೋ, ಮನಿಗೆ ಮದಿವಿ ಮಾಡಾಕ ಹತ್ತೀಯೋ" ಎಂದು ಕಾಡಿದರು.

ಗದಗಿನ ಫೋಟೋ ತೆಗೆಯುವ ದಾದಾಪೀರ ಮೂರು ಕಾಲಿನ ಕ್ಯಾಮರಾ ಹೊತ್ತು ಬಂದ. ತಂದದ್ದು ಮೂರೇ ಪ್ಲೇಟು, ಅಂದರೆ ಮೂರೇ ಪಟ. ಅವನು ಕರಿ ಬಟ್ಟೆಯೊಳಗೆ ತಲೆ ಹಾಕುವಷ್ಟರಲ್ಲಿ ಅತ್ತೆ ಪೆಟ್ಟಿಗೆಯ ಇಳಕಲ್ ಸೀರೆ ಉಟ್ಟು ತಲೆಬಾಗಿಲ ನಡುವೆ ಬಂದು ನಿಂತುಬಿಟ್ಟರು. "ಯವ್ವಾ, ಜರಾ ಬಾಜೂಕ ಸರೀರಿ, ಮನಿ ಕಾಣವಲ್ದು" ಎಂದು ಅವನು ಬೇಡಿಕೊಂಡ. "ಮಂದಿ ಇಲ್ಲದ ಮನಿ ಪಟ ತಗದ್ರ ಹಾಳ ಬಿದ್ದೈತಿ ಅಂತಾರ. ನೀ ತಗಿಯಪಾ" ಎಂದರು. ನಾನು ಸೊಸೆ, ನನ್ನ ಮಾತು ನಡೆಯುತ್ತದೆಯೇ? ಪಡಸಾಲೆಯ ಕಿಟಕಿಯಿಂದ ಬೆಳಕು ಬರುತ್ತದೆಯೇ ಎಂದು ಸಾಹೇಬರು ಒತ್ತಿ ಕೇಳಿದ್ದರಲ್ಲ, ಎರಡನೆಯ ಪಟಕ್ಕೆ ಅತ್ತೆ ಸರಿಯಾಗಿ ಆ ಕಿಟಕಿಗೇ ಅಡ್ಡ ಕುಳಿತರು. ಮೂರನೆಯದು ಬಾವಿಯ ಪಟ. ಅದರಲ್ಲಿ ಅತ್ತೆ ಇದ್ದಾರೆ, ಅವರ ಸೊಂಟದಲ್ಲಿ ಕೊಡ ಇದೆ, ಮೂಲೆಯಲ್ಲಿ ಎಮ್ಮೆಯ ಬಾಲವೂ ಇದೆ. ಬಾವಿ ಇದೆಯೆಂದು ನಾವೇ ಬಾಯಲ್ಲಿ ಹೇಳಬೇಕು.

ಬೇರೆ ದಾರಿ ಇಲ್ಲದೆ ಅವನ್ನೇ ಕಳಿಸಿದೆ. ಇನ್ನೊಂದು ಓಣಿಯವರೂ ತಮ್ಮ ಮನೆಯ ಪಟ ಸಾಹೇಬರಿಗೆ ಕಳಿಸಿದ್ದಾರಂತೆ. ಅವರ ಪಟದಲ್ಲಿ ಮನೆ ಕಾಣುತ್ತದೆ. ನಮ್ಮದು ತಪ್ಪಿದರೆ ಮತ್ತೆ ನಾನಿಲ್ಲಿ, ನೀವಲ್ಲಿ. ಮದುವೆಯಾದ ಮೂರು ವರ್ಷದಲ್ಲಿ ನಾವು ಒಟ್ಟಿಗಿದ್ದದ್ದು ನಿಮ್ಮ ಶಾಲೆಯ ರಜೆಯಲ್ಲಷ್ಟೇ. ನಿಮ್ಮ ಜೊತೆ ಸಂಸಾರ ಮಾಡಬೇಕೆಂದು ನನಗೆ ಬಹಳ ಆಸೆ, ಹಾಗೆ ಬರೆಯಲು ನಾಚಿಕೆಯೇನೂ ಇಲ್ಲ. ಆದರೂ ಅತ್ತೆಯ ಮೇಲೆ ಸಿಟ್ಟು ಬರುತ್ತಿಲ್ಲ. ಪಟದಲ್ಲಿ ಅವರು ಅಷ್ಟು ಚೆಂದ ನಗುತ್ತಿದ್ದಾರೆ.

ಔಷಧ ತಪ್ಪಿಸಬೇಡಿ. ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ, ಹೊಟ್ಟೆ ತುಂಬ ಉಣ್ಣಬೇಕಂತೆ.

ನಿಮ್ಮ
ಕಸ್ತೂರಿ

ತಾ.ಕ.: ಲಕೋಟೆ ಅಂಟಿಸುವಾಗಲೇ ಮೈಸೂರಿನ ಟಪಾಲು ಬಂತು. ಬರೆದವರು ಸಾಹೇಬರಲ್ಲ, ಅವರ ಹೆಂಡತಿ. ಚೊಚ್ಚಲ ಬಸುರಿ, ಈ ಕಡೆ ಗುರುತಿನವರು ಒಬ್ಬರೂ ಇಲ್ಲ. ಎರಡೂ ಮನೆಯ ಪಟ ನೋಡಿ ಒಂದೇ ಮಾತು ಕೇಳಿದ್ದಾರೆ: "ಪಟದಲ್ಲಿರುವ ಅಜ್ಜಿ ಆ ಮನೆಯಲ್ಲೇ ಇರುತ್ತಾರೆಯೇ? ಇರುವುದಾದರೆ ನಾವು ಬರುತ್ತೇವೆ." ಓದಿ ಹೇಳಿದೆ. ಅತ್ತೆ ಎದ್ದು ನನ್ನ ಟ್ರಂಕನ್ನು ತಾವೇ ಹೊರಗೆ ಎಳೆದರು. "ನಾ ಎಲ್ಲಿ ಹೋಗ್ಲಿ? ಆ ಹುಡಿಗಿ ಬರ್ಲಿ, ಬಾಣಂತನ ನಾ ಮಾಡ್ತೀನಿ. ನೀ ಗಂಡನ ಕಡೆ ಹೊಂಡಿನ್ನ" ಎಂದರು. ಸೋಮವಾರದ ಗಾಡಿಗೆ ಬರುತ್ತೇನೆ. ನಿಮ್ಮ ಕೋಣೆ ಹೇಗಾದರೂ ಇರಲಿ, ಸ್ಟೇಷನ್ನಿನಲ್ಲಿ ನೀವು ನಿಂತಿದ್ದರೆ ಸಾಕು.