ಸ್ಟೇಜ್ ಇಲ್ಲದ ನಮ್ಮ ಮದುವೆಯನ್ನೂ ನಂಬಿ

ಮಾನ್ಯ ವಿವಾಹ ನೋಂದಣಾಧಿಕಾರಿಗಳೇ,

ನನಗೆ ಮದುವೆಯಾಗಿದೆ. ನಿಜವಾಗಿಯೂ ಆಗಿದೆ, ಭಾಳ ಖುಷಿಯಿಂದ ಆಗಿದೆ! ಅದನ್ನು ನಂಬದವರು ಈ ಭೂಮಿಯ ಮೇಲೆ ತಾವೊಬ್ಬರೇ. ಫೋಟೊದಲ್ಲಿ ಸ್ಟೇಜ್ ಇಲ್ಲ, ಹೂವಿನ ಕಮಾನಿಲ್ಲ, ಮಂದಿ ಸಾಲದು ಎಂದು ತಮ್ಮ ಕಚೇರಿ ನಮ್ಮ ಅರ್ಜಿಯನ್ನು ಎರಡು ಸಲ ತಿರುಗಿಸಿ ಕಳಿಸಿದೆ.

ಸ್ಟೇಜ್ ಯಾಕಿಲ್ಲ ಎಂದರೆ, ನಮಗೆ ಕಾಯಲು ಆಗಲಿಲ್ಲ. ಸೇಡಂನಿಂದ ಶಹಾಬಾದ್‌ವರೆಗೆ ನಾವು ಕೇಳಿದ ಫಂಕ್ಷನ್ ಹಾಲ್‌ಗಳೆಲ್ಲ ಮುಂದಿನ ವರ್ಷದವರೆಗೆ ಬುಕ್ ಆಗಿದ್ದವು. ಹಾಲ್ ಖಾಲಿ ಇಲ್ಲವೆಂದು ಪ್ರೀತಿಸಿದವರು ವರ್ಷಗಟ್ಟಲೆ ಬೇರೆ ಬೇರೆ ಇರಬೇಕೇ? ಮಳಖೇಡದ ಅತ್ತೆಯ ಮನೆಯ ಅಂಗಳದಲ್ಲಿ, ಮದುವೆ ಮಾಡಿಸಿದ ಅಯ್ಯನವರ ಮುಂದೆ, ಸಿದ್ಧಲಿಂಗ ನನಗೆ ತಾಳಿ ಕಟ್ಟಿದರು. ಎಲ್ಲರೂ ಹುಗ್ಗಿ ಉಂಡರು. ಅಂದು ಡ್ರೋನ್ ಹಾರಲಿಲ್ಲ. ನಾನು ಮಾತ್ರ ಹಾರುತ್ತಿದ್ದೆ.

ತಮ್ಮ ಗುಮಾಸ್ತರು ಆ ಫೋಟೊ ನೋಡಿ ನಕ್ಕರು. "ಏನವ್ವಾ, ಇದು ಮದಿವಿನಾ? ಹಿಂದ ಹಗ್ಗದ ಮ್ಯಾಲ ಅರಿವಿ ಒಣಗ್ಲಿಕತ್ತಾವ!"

ಸಾಕ್ಷಿಗೆಂದು ಬಂದಿದ್ದ ನನ್ನ ಅತ್ತೆ ಭಾಗಮ್ಮ ಸುಮ್ಮನಿರುವವರಲ್ಲ. "ಅರಿವಿ ನಮ್ಮವೇ ಅವರೀ. ತಾಳಿ ಕಟ್ಟಿಸ್ದಾಕಿ ನಾ ಇಲ್ಲೇ ನಿಂತೀನಿ, ನನ್ನ ಕೇಳ್ರಿ."

"ನಿಮ್ಮನ್ನ ಕೇಳಿ ಏನ್ ಮಾಡ್ಲಿ ಅವ್ವಾ? ಸಾಹೇಬ್ರಿಗಿ ಫೋಟೊದಾಗ ಮದಿವಿ ಕಾಣ್ಬೇಕು. ಯಾವ್ದಾರ ಹಾಲ್‌ನಾಗ ಮಂದಿ ಊಟಕ್ಕ ಎದ್ದಾಗ ಸ್ಟೇಜ್ ಮ್ಯಾಲ ನಿಂತು ಒಂದು ಫೋಟೊ ತಗಸ್ಕೊಂಡು ಬರ್ರಿ."

ಎಂಥ ಉಪಾಯ! ನಾವೂ ಹೋದೆವು. ಚಿತ್ತಾಪುರದಲ್ಲಿ ನನ್ನ ಗೆಳತಿಯ ಮದುವೆ. ವರ ಕ್ರೇನಿನಿಂದ ಇಳಿದ, ವಧು ಹೊಗೆಯೊಳಗಿಂದ ಬಂದಳು. ಅವರು ಊಟಕ್ಕೆ ಹೋದಾಗ ನಾವು ಹಾರ ಹಾಕಿಕೊಂಡು ಅವರ ಕುರ್ಚಿಯಲ್ಲಿ ಕೂತೆವು. ನಿಜ ಹೇಳುತ್ತೇನೆ, ಅಂಥ ಸ್ಟೇಜಿನ ಆಸೆ ನನಗೂ ಇತ್ತು. ಫೋಟೊಗ್ರಾಫರ್ ತಾಹಿರ್ ಭಾಯಿ ಲೈಟ್ ಹಚ್ಚಿದರು. ಸಿದ್ಧಲಿಂಗ ನನ್ನ ಕಿವಿಯಲ್ಲಿ, "ದಾನೇಶ್ವರಿ, ಖರೇ ಮದಿವಿ ಆದವ್ರು ನಾವು ಕಳ್ಳರಂಗ ಯಾಕ ಕುಂತೀವಿ?" ಎಂದರು. ಇಬ್ಬರೂ ಎದ್ದುಬಿಟ್ಟೆವು. "ಅರೇ ಭಾಬಿ, ಇಳಿಬ್ಯಾಡ್ರಿ, ಭಾಳ ಚಂದ ಕಾಣ್ಲಿಕತ್ತೀರಿ!" ಎಂದು ತಾಹಿರ್ ಭಾಯಿ ಕೂಗುತ್ತಲೇ ಇದ್ದರು.

ಸ್ಟೇಜ್ ಬೇಕೆಂದು ಯಾವ ಕಾನೂನಿನಲ್ಲಿದೆ, ಮಾನ್ಯರೇ? ಬೀಗರು ವೈಭವ ಕೇಳಿದರೆ ಜಗಳವಾಡಬಹುದು. ಸರಕಾರವೇ ಬೀಗರ ಹಾಗೆ ಮುಖ ಗಂಟಿಕ್ಕಿಕೊಂಡು ಕೂತರೆ ಯಾರ ಜೊತೆ ಜಗಳವಾಡಲಿ? ಮಗಳ ಮದುವೆಯನ್ನು ಅಂಗಳದಲ್ಲೇ ಮುಗಿಸಬೇಕೆಂದುಕೊಂಡ ತಂದೆಗೆ ತಾವು ಏನು ಹೇಳುತ್ತಿದ್ದೀರಿ? ಮೊದಲು ಹಾಲ್ ಹಿಡಿ, ಆಮೇಲೆ ಬಾ ಎಂದೇ? ಸುಳ್ಳು ಫೋಟೊ ನಡೆಯುತ್ತದೆ, ನಿಜವಾದ ಅತ್ತೆ ನಡೆಯುವುದಿಲ್ಲವೇ?

ನನ್ನ ಯಜಮಾನರು ವಾಡಿಯಲ್ಲಿ ಕಾರ್ಖಾನೆ ಕೆಲಸ ಮಾಡುತ್ತಾರೆ. ಮದುವೆಯ ಪ್ರಮಾಣಪತ್ರ ಕೊಟ್ಟರೆ ಮಾತ್ರ ಅವರಿಗೆ ಫ್ಯಾಮಿಲಿ ಕ್ವಾರ್ಟರ್ಸ್. ಅಲ್ಲಿಯವರೆಗೆ ಅವರು ಗೆಳೆಯರ ರೂಮಿನಲ್ಲಿ, ನಾನು ಮಳಖೇಡದಲ್ಲಿ. ಒಟ್ಟಿಗಿರಲೆಂದು ಅವಸರದಲ್ಲಿ ಮದುವೆಯಾದವರು ಈಗ ಫೋನಿನಲ್ಲಿ ಸಂಸಾರ ಮಾಡುತ್ತಿದ್ದೇವೆ. ಈ ತಿಂಗಳು ದಾಟಿದರೆ ಆ ಮನೆ ಬೇರೆಯವರ ಪಾಲು.

ಆದ್ದರಿಂದ ಮನವಿಯಲ್ಲ, ಒತ್ತಾಯ: ನಮ್ಮ ಅಂಗಳದ ಫೋಟೊವನ್ನೇ ಒಪ್ಪಿ, ಈ ವಾರವೇ ಪ್ರಮಾಣಪತ್ರ ಕೊಡಿ. ಇಲ್ಲವೇ, ಸ್ಟೇಜ್ ಇಲ್ಲದ್ದಕ್ಕೆ ತಿರಸ್ಕರಿಸಿದ್ದೇವೆ ಎಂದು ಬರೆದು, ಸಹಿ ಮಾಡಿ ಕೊಡಿ. ಅದನ್ನು ಹಿಡಿದು ನಾನು ತಮ್ಮ ಮೇಲಧಿಕಾರಿಗಳ ಬಾಗಿಲಿಗೆ ಹೋಗುತ್ತೇನೆ. ಅತ್ತೆಯೂ ಜೊತೆಗೆ ಬರುತ್ತಾರೆ.

ಇಂತಿ,
ಊರಿನವರ ಲೆಕ್ಕಕ್ಕೆ ಮದುವೆಯಾದವಳು, ತಮ್ಮ ಕಚೇರಿಗೆ ಇನ್ನೂ ಕುಮಾರಿಯಾಗಿರುವ
ದಾನೇಶ್ವರಿ ಸಿದ್ಧಲಿಂಗ
ಮಳಖೇಡ